ಮೇಕೆಕಾಲಿನ ಮಗುವಿಗೆ ಸ್ನಾನ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ವಾದ ಮಾಡುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ. ಆದರೆ ಇದು ಕಟ್ಟುಕತೆಯಲ್ಲ, ಕಳೆದ ಚಳಿಗಾಲದಲ್ಲಿ ನನಗೇ ಆದದ್ದು.

ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ ಗೋದಾಮುಗಳ ನಡುವಿನ ಒಂದು ಕೋಣೆಯಲ್ಲಿ ಹಳೆಯ ಚಿತ್ರಗಳನ್ನು ತೊಳೆಯುವುದು ನನ್ನ ಕೆಲಸ. ಹೌದು, ತೊಳೆಯುವುದೇ. ಲೋಹದ ಹಲಗೆಯ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಎಚಿಂಗ್ ಚಿತ್ರದ ಶಾಯಿ ನೀರಿಗೆ ಬಿಡುವುದಿಲ್ಲ. ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಮಲಗಿಸಿದರೆ ಕಾಗದದ ಹಳೇ ಕೊಳೆಯೆಲ್ಲ ಹಳದಿಯಾಗಿ ಇಳಿದುಹೋಗುತ್ತದೆ.

ಅಂದು ರಾತ್ರಿ ಕಿಂಗ್ಸ್‌ಬರಿಯ ನಮ್ಮ ಫ್ಲ್ಯಾಟ್‌ನಲ್ಲಿ ನಮ್ಮ ಪುಟ್ಟ ಮಗಳು ಅನುಗೆ ಬಿಡದ ಜ್ವರ. ಗಂಡ ನೋಡಿಕೊಳ್ಳುತ್ತಿದ್ದರು. ನಾನು ತೊಳೆಯುತ್ತಿದ್ದ ಚಿತ್ರ ಮರುದಿನ ಬೆಳಿಗ್ಗೆ ಪ್ರದರ್ಶನಕ್ಕೆ ಹೋಗಬೇಕಿತ್ತು, ಬಿಟ್ಟು ಬರುವಂತಿರಲಿಲ್ಲ. ನಿದ್ದೆಗೆಟ್ಟು ಕಣ್ಣು ಉರಿಯುತ್ತಿತ್ತು. ಜೀವವೆಲ್ಲ ಮನೆಯಲ್ಲೇ ಇತ್ತು.

ಬರೋಕ್ ಕಾಲದ, ಅಂದರೆ ಸುಮಾರು ನಾಲ್ಕು ನೂರು ವರ್ಷ ಹಿಂದಿನ, ಇಟಲಿಯ ಚಿತ್ರ. ಕುಡಿದು ಮಲಗಿದ ಗ್ರೀಕ್ ಪುರಾಣದ ದೇವನೊಬ್ಬನ ಕಿವಿ ಎಳೆಯುತ್ತಾ, ದ್ರಾಕ್ಷಿ ಎಸೆಯುತ್ತಾ ಕುಣಿಯುವ ಮೇಕೆಕಾಲಿನ ಮಕ್ಕಳು. ಒಂದು ಪುಟ್ಟದು ಮಾತ್ರ ಅಂಚಿನಲ್ಲಿ ನಿಂತು ಅಳುತ್ತಿತ್ತು. ನೀರಿನಲ್ಲಿ ಅದರ ಕೆನ್ನೆ ಬೆಳ್ಳಗಾಗುತ್ತಾ ಬಂತು. ಪಾಪ ಅನಿಸಿತು. ಅನುಗೆ ಸ್ನಾನ ಮಾಡಿಸಿದ ಮೇಲೆ ದೃಷ್ಟಿ ತೆಗೆಯುವ ಹಾಗೆ, ಯೋಚಿಸದೆ, ಅದರತ್ತ ಕೈ ನೀವಿ ನನ್ನ ಹಣೆಯ ಪಕ್ಕಕ್ಕೆ ಒತ್ತಿ ನೆಟಿಕೆ ಮುರಿದೆ.

“ನನ್ನ ಕಂದಂಗೆ ಯಾರ ಕಣ್ಣೂ ತಾಗದೆ ಇರ್ಲಿ,” ಅಂದೆ.

ಬೆರಳೆಲ್ಲ ಲಟಲಟ ಅಂದವು. ಅದರ ಹಿಂದೆಯೇ ನೆಲದ ಮೇಲೆ ಟಕ್... ಟಕ್... ಒದ್ದೆ ಮೇಕೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಸದ್ದು ನನ್ನ ಬೆನ್ನ ಹಿಂದಿನಿಂದ ಬಾಗಿಲ ತನಕ ಹೋಯಿತು... ನಿಂತಿತು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

ತಟ್ಟೆಯಲ್ಲಿ ಆ ಪುಟ್ಟದು ಇದ್ದಲ್ಲೇ ಇತ್ತು. ಅದರ ಬಾಯಿ ತೆರೆದದ್ದು ಅಳುವಿಗೋ ನಗುವಿಗೋ, ಈಗ ಹೇಳಲಾರೆ.

ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು. ಗಂಡ ಪಿಸುಗುಟ್ಟುತ್ತಿದ್ದರು.

“ಜ್ವರ ಇಳೀತು ಕಣೆ. ಆದ್ರೆ ತಲೆಯೆಲ್ಲ ಒದ್ದೆ, ಈಗ ತಾನೇ ಸ್ನಾನ ಮಾಡ್ಸಿದ ಹಾಗಿದೆ. ಮೂಲೆ ನೋಡ್ಕೊಂಡು ಒಬ್ಬಳೇ ನಗ್ತಿದ್ದಾಳೆ.”

“ಬೆವರಿರ್ಬೇಕು ರೀ,” ಅಂದೆ.

ಅನು ಗುಣವಾದಳು. ಚಿತ್ರವೂ ಹೋಯಿತು. ಜ್ವರ ಬಿಟ್ಟಿತಲ್ಲ, ಇನ್ನೇನು ಬೇಕು ಎನ್ನುತ್ತಾರೆ ಗಂಡ. ಆದರೆ ಈಗಲೂ ಸ್ನಾನ ಮುಗಿಸಿ ದೃಷ್ಟಿ ತೆಗೆಯಲು ಕೈ ಎತ್ತಿದರೆ ಅನು ತಡೆಯುತ್ತಾಳೆ. ತನ್ನ ಪಕ್ಕದ ಖಾಲಿ ಜಾಗ ತೋರಿಸುತ್ತಾಳೆ.

“ಹಿಮ್ ಫಸ್ಟ್, ಅಮ್ಮಾ.”

ಮೊದಲು ಅದಕ್ಕೇ ತೆಗೆಯುತ್ತೇನೆ. ಇಲ್ಲ ಅಂದರೆ ಜ್ವರ ಮತ್ತೆ ಬಂದೀತು ಎಂಬ ಭಯ...