ಅಣ್ಣನ ಎರಡು ಬೆರಳು

ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಸ್ಪೋರ್ಟ್ಸ್ ಕಾರುಗಳಿಗೆ ಗಿಡ್ಡ ಸ್ಪ್ರಿಂಗು ಹಾಕಿ ಎತ್ತರ ತಗ್ಗಿಸುವ ಕೆಲಸ ಗಿರಿರಾಜನದಾದರೂ ಅಳತೆ ಮಾತ್ರ ಅವನ ಅಣ್ಣ ಚನ್ನವೀರನದು. ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಅಣ್ಣನ ಎರಡು ಬೆರಳು ಹಿಡಿಸಬೇಕು. ಗಿರಿರಾಜ ಟೇಪು ತಂದರೆ ಅಣ್ಣ ಸಿಡುಕುತ್ತಿದ್ದ: "ಟೇಪ್ ಯಾಕಲೇ? ದೇವರು ಬೆರಳು ಕೊಟ್ಟಿಲ್ಲೇನು?"

ಅಣ್ಣ ತೀರಿಕೊಂಡ ಮೇಲೆ ಗಿರಿರಾಜ ತನ್ನ ಬೆರಳಿಟ್ಟೇ ಅಳೆದ. ಅವನದು ಸಣಕಲು ಬೆರಳು. ಕಾರುಗಳು ತೀರಾ ತಗ್ಗಾಗಿ ರಸ್ತೆಯ ಹಂಪು ಹಂಪಿಗೂ ತಳ ಕೆರೆದುಕೊಂಡವು. ಕೊನೆಗೆ ಟೇಪನ್ನೇ ಹಿಡಿದ.

ಇವತ್ತು ಹಳೇ ಗಿರಾಕಿ ಆತ್ರೇಯ ಬಂದ. ಅಣ್ಣ ಕೊನೆಯದಾಗಿ ಬೆರಳಿಟ್ಟು ಅಳೆದದ್ದು ಅವನ ಕಾರನ್ನೇ.

"ಅಮ್ಮಂಗೆ ಹತ್ತಿ ಇಳಿಯೋಕೆ ಆಗ್ತಿಲ್ಲ ಗುರು. ಹಳೇ ಕಂಪನಿ ಸ್ಪ್ರಿಂಗೇ ಹಾಕ್ಬಿಡಿ."

"ಈ ಹೈಟೇ ಚೆನ್ನಾಗಿದೆಯಲ್ಲ ಸಾರ್, ಇರ್ಲಿ ಬಿಡಿ," ಎಂದ ಗಿರಿರಾಜ. ಬಂದ ಕೆಲಸವನ್ನು ಅವನು ಬೇಡವೆಂದದ್ದು ಅದೇ ಮೊದಲು. ಆತ್ರೇಯ ಒಪ್ಪಲಿಲ್ಲ.

ಜಾಕ್ ಏರಿಸುವ ಮುಂಚೆ ಗಿರಿರಾಜ ಚಕ್ರದ ಮೇಲಿನ ಸಂದಿಗೆ ತನ್ನ ಎರಡು ಬೆರಳು ತೂರಿಸಿದ. ಸಡಿಲವಾಗಿ ಆಡಿದವು. ಅವುಗಳ ಸುತ್ತ ಉಳಿದ ಆ ಚೂರು ಜಾಗದಷ್ಟೇ ಅಣ್ಣ ಇನ್ನೂ ಇದ್ದ.

ಸಂಜೆಗೆ ಕಾರು ಎತ್ತರವಾಗಿ ಎದ್ದು ನಿಂತಿತು. ಅಭ್ಯಾಸಬಲದಿಂದ ಮತ್ತೆ ಕೈಯಿಟ್ಟ. ಇಡೀ ಮುಷ್ಟಿ ಸಲೀಸಾಗಿ ಒಳಗೆ ಹೋಯಿತು. ಅಲ್ಲಿ ಈಗ ಯಾರೂ ಇರಲಿಲ್ಲ.