ಕೆಂಪು ಮುಚ್ಚಳದ ಹಾವು

ನಾನು ನಿಂತಿದ್ದು ಕಿಟಕಿಯ ಪಕ್ಕ. ರಾಯಚೂರಿನ ಒಂದು ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬು, ಮೊದಲ ಮಹಡಿ, ಎಡಗಡೆಯ ಎರಡನೇ ಕಿಟಕಿ. ಕಳೆದ ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಇಷ್ಟು ವಿವರ ಯಾಕೆಂದರೆ, ಈ ಸುದ್ದಿ ಕೇಳಿದವರೆಲ್ಲ ‘ನೀವು ಸರಿಯಾಗಿ ನೋಡಿರಲಿಕ್ಕಿಲ್ಲ ಬಿಡ್ರಿ’ ಎನ್ನುತ್ತಿದ್ದಾರೆ. ಸರಿಯಾಗಿಯೇ ನೋಡಿದ್ದೇನೆ. ಮೇಜು ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

ಮಾನ್ವಿಯಲ್ಲಿ ನಾನು ಪಾಠ ಮಾಡುವುದು ಇದೇ ವಿಷಯವನ್ನು ಎಂಬುದು ಈ ಅಂಕಣದ ಓದುಗರಿಗೆ ಗೊತ್ತು. (ಜಿರಳೆಯ ಪರವಾಗಿ ಬರೆದಾಗ ಬೈದವರಿಗಂತೂ ಚೆನ್ನಾಗಿ ಗೊತ್ತು.) ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಹೋಗಿದ್ದೆ. ಮೇಜಿನ ಮೇಲೆ ಸಾಲಾಗಿ ಬಾಟಲಿಗಳು. ಪ್ರತಿಯೊಂದರಲ್ಲೂ ಫಾರ್ಮಲಿನ್‌ನಲ್ಲಿ ಮುಳುಗಿದ ಒಂದು ಪ್ರಾಣಿ. ಬಾಟಲಿಗೆ ಹೆಸರಿಲ್ಲ, ನಂಬರು ಮಾತ್ರ. ವಿದ್ಯಾರ್ಥಿಗಳು ನೋಡಿ, ಅದು ಯಾವ ಪ್ರಾಣಿ, ಹೇಗೆ ಗುರುತಿಸಿದಿರಿ ಎಂದು ಬರೆಯಬೇಕು. ಒಂದೊಂದಕ್ಕೂ ಐದು ಅಂಕ. ಇದಕ್ಕಿಂತ ಸರಳವಾದ ಪರೀಕ್ಷೆ ಇದೆಯೇ? ನೋಡು, ಬರೆ.

ಯಾರೂ ಬರೆಯುತ್ತಿರಲಿಲ್ಲ.

ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಮಸರಕಲ್ಲಿನ ಹುಡುಗನೊಬ್ಬ ಧೈರ್ಯ ಮಾಡಿ ಕೈ ಎತ್ತಿದ. “ಸರ್, ಕೆಂಪು ಮುಚ್ಚಳದ್ದು ಎಲ್ಲದರೀ?”

ನನಗೆ ಅರ್ಥವಾಗಲಿಲ್ಲ. ಕಾಲೇಜಿನ ವಿಭಾಗದ ಮುಖ್ಯಸ್ಥರಾದ ಬಸವರಾಜ ಸರ್‌ಗೆ ತಕ್ಷಣ ಅರ್ಥವಾಯಿತು. ಅವರು ಅಟೆಂಡರ್ ಖಾಜಾಸಾಬನ ಕಡೆ ತಿರುಗಿದರು.

“ಏನ್ ಮಾಡಿದ್ಯೋ ಮಾರಾಯ?”

“ಹಳೇವು ಸೋರಾಕತ್ತಿದ್ದೂ ಸಾಬ್. ಪರೀಕ್ಷಾಕ ಚೆಂದ ಕಾಣ್ಲಂತ ಎಲ್ಲಾ ಹೊಸ ಬಾಟ್ಲ್ಯಾಗ ಹಾಕೀನ್ರಿ.”

ಆಗ ತಿಳಿಯಿತು. ಈ ಹುಡುಗರು ಮೂರು ವರ್ಷ ಕಲಿತದ್ದು ಪ್ರಾಣಿಗಳನ್ನಲ್ಲ, ಬಾಟಲಿಗಳನ್ನು! ತಳ ಸೀಳಿದ್ದು ನಕ್ಷತ್ರಮೀನು. ಉಪ್ಪಿನಕಾಯಿ ಬಾಟಲಿ ಚೇಳು. ಮೇಣ ಮೆತ್ತಿದ್ದು ಜಂತುಹುಳ. ಕೆಂಪು ಮುಚ್ಚಳದ್ದು ಮಣ್ಣುಮುಕ್ಕ ಹಾವು. ಸೀನಿಯರುಗಳು ಜೂನಿಯರುಗಳಿಗೆ ಹೀಗೆಯೇ ಹೇಳಿಕೊಡುತ್ತಾ ಬಂದಿದ್ದಾರೆ.

ಹುಡುಗರನ್ನು ಬೈಯೋಣವೇ? ಬೈಯುವುದು ಸುಲಭ. ಆದರೆ ಬಾಟಲಿ ಇಡುವ ಕಪಾಟಿನ ಬೀಗ ತೆರೆಯುವುದು ಪರೀಕ್ಷೆ ಹತ್ತಿರ ಬಂದಾಗ. ಒಂದು ಮೇಜಿನ ಸುತ್ತ ಇಡೀ ಕ್ಲಾಸು. ಬಾಟಲಿ ಮುಟ್ಟುವಂತಿಲ್ಲ, ಒಡೆದರೆ ಯಾರು ಹೊಣೆ? ಹಿಂದಿನ ಸಾಲಿನಲ್ಲಿ ನಿಂತವರಿಗೆ ಕಾಣುವುದು ಮುಚ್ಚಳ ಮಾತ್ರ. ಕಂಡದ್ದನ್ನು ಕಲಿತರು.

ಒಬ್ಬಳು ಮಾತ್ರ ತಲೆ ತಗ್ಗಿಸಿ ಬರೆಯುತ್ತಿದ್ದಳು. ಹೆಸರು ರೇಣುಕಾ, ಗಬ್ಬೂರಿನವಳು. ಲ್ಯಾಬು ಇದ್ದದ್ದು ಮೊದಲ ಪೀರಿಯಡ್ಡಿಗೆ. ಗಬ್ಬೂರಿನಿಂದ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಕ್ಕು ಅವಳು ಕಾಲೇಜು ಮುಟ್ಟುವ ಹೊತ್ತಿಗೆ ಕಪಾಟಿಗೆ ಮತ್ತೆ ಬೀಗ. ಹಾಗಾಗಿ ಅವಳಿಗೆ ಬಾಟಲಿಗಳ ಪರಿಚಯವೇ ಇಲ್ಲ. ಪುಸ್ತಕದ ಚಿತ್ರ ನೋಡಿ, ಗುರುತು ಓದಿ, ಮನೆಯಲ್ಲಿ ಕೂತು ಕಲಿತಿದ್ದಳು. ತಡವಾಗಿ ಬಂದದ್ದಕ್ಕೆ ಹಾಜರಿಯ ಅಂಕ ಅರ್ಧಕ್ಕರ್ಧ ಕತ್ತರಿಸಿದ್ದರು. ಈ ಪರೀಕ್ಷೆಯಲ್ಲಿ ಒಂದು ಬಾಟಲಿ ತಪ್ಪಿದರೂ ಫೇಲು. ಫೇಲಾದರೆ ಬಿ.ಎಡ್. ಇಲ್ಲ. ಮನೆಯಲ್ಲಿ ಅಣ್ಣ ಆಗಲೇ ಹೇಳಿಬಿಟ್ಟಿದ್ದನಂತೆ, “ಒಂದರಾಗ ಉಳದ್ರೂ ಸಾಕು, ಓದು ಬಂದ್.”

ಬಸವರಾಜ ಸರ್ ಪರಿಹಾರ ಕಂಡುಹಿಡಿದರು. ಏನೆಂದು ಊಹಿಸಬಲ್ಲಿರಾ?

“ಅದರಾಗೇನದ ಸರ್? ಹಳೇ ಬಾಟ್ಲಿಗೇ ಹಾಕಿಬಿಡಾಣ. ಇನ್ನೊಮ್ಮಿ ಬರೀಲಿ.”

ಬೇಡ ಎಂದೆ. ಅವರೋ, ಇಡೀ ಬ್ಯಾಚು ಫೇಲಾದರೆ ಊರ ಹಿರಿಯರೆಲ್ಲ ಕಾಲೇಜಿಗೆ ಬರುತ್ತಾರೆ, ಆಗ ಉತ್ತರ ಕೊಡುವವರು ನೀವಾ ನಾವಾ ಎಂದು ಕೇಳಿದರು. ಅಷ್ಟು ಹೊತ್ತಿಗೆ ಹಾಳೆಗಳನ್ನು ವಾಪಸ್ ತೆಗೆದುಕೊಳ್ಳುವುದು ಶುರುವಾಗಿತ್ತು.

“ಸರ, ನಂದು ಮುಗದದ್ರೀ,” ಎಂದಳು ರೇಣುಕಾ.

“ನಿಂದೊಬ್ಬಾಕಿದು ಮುಗದ್ರ ಆತೇನವಾ? ತಾ ಇಲ್ಲಿ,” ಎಂದರು ಬಸವರಾಜ ಸರ್.

ನನ್ನನ್ನು ಚಹಾಕ್ಕೆ ಪಕ್ಕದ ಕೋಣೆಗೆ ಕರೆದೊಯ್ದರು. ಮರಳಿ ಬಂದಾಗ ಮೇಜಿನ ಮೇಲೆ ಹಳೆಯ ಬಾಟಲಿಗಳು ಬೆಲ್ಲದ ಪಾಕದ ಬಣ್ಣದ ನೀರು ತುಂಬಿಕೊಂಡು ನಿಂತಿದ್ದವು. ನಾಲ್ಕನೇ ನಂಬರು ಕೆಂಪು ಮುಚ್ಚಳ. ಕ್ಲಾಸಿನ ಮುಖ ಅರಳಿತು. ಹಳೆಯ ಗೆಳೆಯರು ಸಿಕ್ಕಂತೆ! ಪೆನ್ನುಗಳು ಓಡಿದವು. ನಾನು ಅವರ ಕಣ್ಣುಗಳನ್ನೇ ನೋಡುತ್ತಿದ್ದೆ. ಒಂದು ಕಣ್ಣೂ ಮುಚ್ಚಳದಿಂದ ಕೆಳಗೆ ಇಳಿಯಲಿಲ್ಲ.

ರೇಣುಕಾ ಮಾತ್ರ ನಾಲ್ಕನೇ ಬಾಟಲಿಯ ಮುಂದೆ ಬಗ್ಗಿ ನಿಂತಿದ್ದಳು. ಹಿಂದಿದ್ದ ಹುಡುಗಿ ಪಿಸುಗುಟ್ಟಿದಳು, “ಏ, ಏನ್ ನೋಡ್ತಿಯೇ? ಕೆಂಪು ಮುಚ್ಚಳ ಅಂದ್ರ ಮಣ್ಣುಮುಕ್ಕ. ಬರದು ಸರಿಯೇ ಆಕಡೆ!” ರೇಣುಕಾ ಸರಿಯಲಿಲ್ಲ. ಇನ್ನೊಂದು ಮಗ್ಗುಲಿಂದ ಬಗ್ಗಿ ನೋಡಿದಳು. ಆಮೇಲೆ ಬರೆದಳು.

ಹಾಳೆ ತಿದ್ದುವಾಗ ಎಲ್ಲರದೂ ಮಣ್ಣುಮುಕ್ಕ, ವಿಷವಿಲ್ಲದ್ದು. ಐದಕ್ಕೆ ಐದು. ರೇಣುಕಾಳ ಹಾಳೆಯಲ್ಲಿ ಮಾತ್ರ ಕೊಳಕುಮಂಡಲ, ವಿಷದ ಹಾವು. ಬಸವರಾಜ ಸರ್ ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿದರು. “ನೋಡ್ರಿ, ಲ್ಯಾಬಿಗಿ ಬರದವರ ಹಣೇಬರ.”

ನಾನು ಅವಳು ಬರೆದದ್ದನ್ನು ಓದಿದೆ. ತಲೆಯ ಮೇಲೆ ಸಣ್ಣ ಸಣ್ಣ ಹುರುಪೆ. ಹೊಟ್ಟೆಯ ಪಟ್ಟಿಗಳು ಈ ಅಂಚಿನಿಂದ ಆ ಅಂಚಿನವರೆಗೆ ಪೂರ್ತಿ. ಬೆನ್ನ ಮೇಲೆ ಸರಪಳಿಯಂಥ ಮಚ್ಚೆಗಳ ಮೂರು ಸಾಲು. ಬಾಲ ಚೂಪು. ನಾಲ್ಕನೇ ಬಾಟಲಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ.

ಮಣ್ಣುಮುಕ್ಕನ ಬಾಲ ಮೊಂಡು. ಇದರದ್ದು ಚೂಪು. ಹೊಟ್ಟೆಯ ಪಟ್ಟಿಗಳು ಪೂರ್ತಿ. ಮಚ್ಚೆಗಳು ಮೂರು ಸಾಲು. ಕೊಳಕುಮಂಡಲವೇ!

ಖಾಜಾಸಾಬ್ ತಲೆ ಕೆರೆದುಕೊಂಡ. ಲ್ಯಾಬಿನಲ್ಲಿದ್ದವು ಎರಡು ಹಾವು, ಪರೀಕ್ಷೆಗೆ ಇಟ್ಟದ್ದು ಒಂದು. ಎರಡನ್ನೂ ಒಂದೇ ತಟ್ಟೆಯಲ್ಲಿ ಹಾಕಿ, ಗಡಿಬಿಡಿಯಲ್ಲಿ ಹಳೆಯ ಬಾಟಲಿಗಳಿಗೆ ತುಂಬಿದ್ದ. “ಎರಡೂ ದಪ್ಪ ಇದ್ದೂ ಸಾಬ್. ಅದಲು ಬದಲಾತು ಕಾಣ್ತದ.”

ಈಗ ಏನು ಮಾಡುವುದು? ನನ್ನ ಲೆಕ್ಕ ನೇರ. ಅವಳಿಗೆ ಐದು, ಉಳಿದವರಿಗೆ ಸೊನ್ನೆ. ಬಸವರಾಜ ಸರ್ ಅರ್ಧ ಗಂಟೆ ವಾದಿಸಿದರು. ಹುಡುಗರ ತಪ್ಪೇನು, ಬಾಟಲಿ ಅದೇ ಅಲ್ಲವೇ ಎಂದರು. ನಾನು ಬಗ್ಗಲಿಲ್ಲ. ಕೊನೆಗೆ ಅವರಿಗೆ ಎರಡನೇ ಪರಿಹಾರ ಹೊಳೆಯಿತು. ನಾಲ್ಕನೇ ನಂಬರಿಗೆ ಎರಡೂ ಉತ್ತರ ಸರಿ. ವಿಷದ್ದು ಎಂದರೂ ಐದು, ವಿಷವಿಲ್ಲದ್ದು ಎಂದರೂ ಐದು.

“ನೀವು ಸಹಿ ಹಾಕಲಿಲ್ಲಂದ್ರ ಇಡೀ ನಾಲ್ಕನೇ ನಂಬರೇ ರದ್ದು ಮಾಡ್ತೀನಿ. ಆಕಿ ಐದೂ ಹೋಗ್ತಾವ, ನೋಡ್ರಿ.”

ಸಹಿ ಹಾಕಿದೆನೇ? ಹಾಕಿದೆ. ಅವಳು ಪಾಸಾದಳು.

ವೈವಾಗೆ ಬಂದಾಗ ಅವಳಿಗೆ ಹೇಳಿದೆ. ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ. ಆದಳು ಕೂಡ, ಒಂದು ಕ್ಷಣ. ಉಳಿದವರಿಗೂ ಐದು ಎಂದೆ. ಅವಳು ಮೆಲ್ಲಗೆ ಕೇಳಿದಳು.

“ಹಂಗಾದ್ರ ನಾ ಬರದಿದ್ದೂ ಖರೇ, ಅವರು ಬರದಿದ್ದೂ ಖರೇ ಏನ್ರೀ ಸರ?”

ಬಸವರಾಜ ಸರ್ ನಕ್ಕರು. “ಪಾಸಾಗೀ ಇಲ್ಲವಾ? ಮತ್ಯಾಕ ಬೇಕವಾ ನಿನಗ ಪಂಚಾತಿ?”

“ಹಂಗಲ್ರೀ ಸರ. ಹತ್ತಿ ಬಿಡಸಾಕ ಹೋದಾಗ ಹಾವು ಕಾಲಾಗ ಬಂದ್ರ, ಮ್ಯಾಲ ಕೆಂಪು ಮುಚ್ಚಳ ಇರ್ತದೇನ್ರೀ?”

ಅವರ ನಗು ನಿಂತಿತು. ವೈವಾದಲ್ಲಿ ಪ್ರಶ್ನೆ ಕೇಳಬೇಕಾದವನು ನಾನು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಮೊನ್ನೆ ಮಾನ್ವಿಯಲ್ಲಿ ನಮ್ಮದೇ ಲ್ಯಾಬಿನ ಕಪಾಟು ತೆರೆಸಿ, ಬಾಟಲಿಗಳನ್ನೆಲ್ಲ ಹೊರಗಿಡಿಸಿದೆ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಏ, ಬಾಯಿ ಮುಕ್ಕಾದ ಬಾಟ್ಲಿ ಬಂತಲೇ, ಕಪ್ಪಿ!” (ಅದರಲ್ಲಿ ಇದ್ದದ್ದು ಕಪ್ಪೆಯೇ. ಆದರೂ ಬೆವರಿದೆ.)

ಆ ಮಂಗಳವಾರ ನಡೆದದ್ದನ್ನು ಕಂಡವರು ನಾನೊಬ್ಬನೇ ಅಲ್ಲ. ಬಸವರಾಜ ಸರ್ ಕಂಡಿದ್ದಾರೆ. ಖಾಜಾಸಾಬ್ ಕಂಡಿದ್ದಾನೆ. ಗಬ್ಬೂರಿನ ರೇಣುಕಾ ಎಲ್ಲರಿಗಿಂತ ಚೆನ್ನಾಗಿ ಕಂಡಿದ್ದಾಳೆ. ಮಸರಕಲ್ಲಿನ ಆ ಹುಡುಗ, ಪಿಸುಗುಟ್ಟಿದ ಆ ಹುಡುಗಿ ಮತ್ತು ಉಳಿದ ಇಡೀ ಕ್ಲಾಸು ಅಲ್ಲೇ ಇತ್ತು. ಅವರಲ್ಲಿ ಹಲವರು ನಾಳೆ ಬಿ.ಎಡ್. ಮುಗಿಸಿ ನಿಮ್ಮ ಮಕ್ಕಳಿಗೆ ವಿಜ್ಞಾನ ಹೇಳಿಕೊಡಲಿದ್ದಾರೆ.

ಎಲ್ಲರೂ ಬದುಕಿದ್ದಾರೆ, ಹಾವು ಬಾಟಲಿಯಲ್ಲಿ ಇದ್ದದ್ದರಿಂದ.