ದ್ವೀಪಕ್ಕೆ ಹೋದ ಕಾರ್ ರೇಡಿಯೋ

ಸ್ಯಾನ್ ಡಿಯಾಗೋ ಪಕ್ಕದ ನಮ್ಮ ಪೊವೇಯಿಂದ ಲಾಸ್ ಏಂಜಲೀಸ್ ಬಳಿಯ ಡೈಮಂಡ್ ಬಾರ್‌ಗೆ, ನಮ್ಮಣ್ಣನ ಮನೆಗೆ ಹೋಗುವಾಗಲೆಲ್ಲ ಕಾರಿನ ಮುಂದಿನ ಸೀಟು ಮಗಳದ್ದು, ಹಿಂದಿನ ಸೀಟು ಹೆಂಡತಿಯದು. ಕಾರಣ ರೇಡಿಯೋ. ಉಪಗ್ರಹದಿಂದ ನೇರವಾಗಿ ಬರುವ ಬೇಸ್‌ಬಾಲ್ ಕಾಮೆಂಟರಿ ಹಾಕಿಕೊಂಡು ನಾನೂ ಮಗಳೂ ದಾರಿಯುದ್ದಕ್ಕೂ ಅಂಪೈರನ್ನು ಬೈಯುತ್ತ ಹೋಗುತ್ತಿದ್ದೆವು. ನಾವು ಸ್ಯಾನ್ ಡಿಯಾಗೋ ಪಕ್ಷ, ಅಣ್ಣ ಲಾಸ್ ಏಂಜಲೀಸ್ ಪಕ್ಷ. ಎರಡೂ ತಂಡ ಆಡುವ ದಿನ ಅವನ ಮನೆಯಲ್ಲಿ ಊಟ ರುಚಿಸಬೇಕಾದರೆ ನಾವು ಗೆದ್ದಿರಬೇಕಿತ್ತು.

ಕೋವಿಡ್ ಗಲಾಟೆ ತಣ್ಣಗಾದ ಮೇಲೆ ಮಗಳಿಗೆ ಕೆರಿಬಿಯನ್ ದ್ವೀಪವೊಂದರಲ್ಲಿ ಮೆಡಿಕಲ್ ಸೀಟು ಸಿಕ್ಕಿತು. ಇಲ್ಲಿ ಸೀಟು ಸಿಗದ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಈ ಮಾತನ್ನು ಜನ ಪೂಜೆ, ಪಾರ್ಟಿಗಳಲ್ಲಿ ದನಿ ತಗ್ಗಿಸಿ ಹೇಳುತ್ತಾರೆ. ನಾನು ಬೇಕೆಂದೇ ದೊಡ್ಡದಾಗಿ ಹೇಳುತ್ತಿದ್ದೆ. ಅವಳ ರೂಮು ಹೊಂದಿಸಿಕೊಡಲು ಹೆಂಡತಿ ಜೊತೆಗೆ ಹೋದಳು. ಚಟ್ನಿಪುಡಿ, ಉಪ್ಪಿನಕಾಯಿಗಳ ನಡುವೆ ನಾನು ಹಳೆಯ ಕಾರಿನಿಂದ ಬಿಚ್ಚಿದ ಪುಟ್ಟ ರೇಡಿಯೋವನ್ನೂ, ಬೆಂಕಿಪೊಟ್ಟಣದಷ್ಟೇ ಇರುವ ಅದರ ಆಂಟೆನಾವನ್ನೂ ತುರುಕಿ ಕಳಿಸಿದೆ.

ಹೆಂಡತಿ ವಾಪಸ್ ಬಂದು ಸ್ವಲ್ಪ ದಿನಕ್ಕೇ ಮಗಳ ಫೋನು. ಅವಳದ್ದೊಂದು ಪದ್ಧತಿ: ಜಗಳಕ್ಕೆ ಇಂಗ್ಲಿಷ್, ಏನಾದರೂ ಬೇಕಾದರೆ ಕನ್ನಡ. ಅವತ್ತು ಕನ್ನಡದಲ್ಲಿ ಹೇಳಿದಳು.

"ಅಪ್ಪ, ನಂಗಿಲ್ಲಿ ಇರಕ್ಕಾಗ್ತಿಲ್ಲ. ಟಿಕೆಟ್ ಬುಕ್ ಮಾಡು."

ಓದು ಕಷ್ಟ ಎಂದಲ್ಲ. ಸ್ನೇಹಿತರಿಲ್ಲ, ಇಂಟರ್ನೆಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಸಂಜೆಯಾದರೆ ಅಳು ಬರುತ್ತದೆ. ರೇಡಿಯೋ ಹಾಕಿದೆಯಾ ಎಂದು ಕೇಳಿದೆ. ಅದು ಕೆಲಸ ಮಾಡುತ್ತಿಲ್ಲವಂತೆ. ಒಂದು ವಾರ ನೋಡು ಎಂದು ಪುಸಲಾಯಿಸಿ ಮುಂದಿನ ಭಾನುವಾರಕ್ಕೆ ಟಿಕೆಟ್ ಬುಕ್ ಮಾಡಿದೆ. ಒಮ್ಮೆ ವಿಮಾನ ಹತ್ತಿದರೆ ಅವಳು ತಿರುಗಿ ಹೋಗುವುದಿಲ್ಲ ಎಂದು ನನಗೂ ಹೆಂಡತಿಗೂ ಗೊತ್ತಿತ್ತು. ಡಾಕ್ಟರಾಗುವ ಅವಳ ಆಸೆ ಅಲ್ಲಿಗೆ ಮುಗಿದಂತೆ. ಕರೆಸಿಕೊಳ್ಳಲು ಮನಸ್ಸಿಲ್ಲ, ಬೇಡವೆನ್ನಲು ಧೈರ್ಯವಿಲ್ಲ. ನನ್ನ ಕೈಲಿ ಸಾಧ್ಯವಿದ್ದದ್ದು ರೇಡಿಯೋ ರಿಪೇರಿ ಒಂದೇ.

ಜೀವಮಾನವಿಡೀ ಆಂಟೆನಾ ಕೆಲಸ ಮಾಡಿದವನು ನಾನು. ಆಂಟೆನಾವನ್ನು ಆಗ್ನೇಯಕ್ಕೆ ತಿರುಗಿಸು ಎಂದು ಗತ್ತಿನಿಂದ ಹೇಳಿದೆ. ನಮ್ಮ ಮನೆಯಿಂದ ನೋಡಿದರೆ ಉಪಗ್ರಹ ಇರುವುದು ಅಡುಗೆಮನೆಯ ಕಡೆ, ಆಗ್ನೇಯದಲ್ಲಿ. ಎರಡು ದಿನ ಅವಳು ತಿರುಗಿಸಿದ್ದೇ ತಿರುಗಿಸಿದ್ದು. ಆಮೇಲೆ ಹೊಳೆಯಿತು: ಅವಳಿರುವುದು ಉಪಗ್ರಹಕ್ಕಿಂತ ಆಚೆ, ಪೂರ್ವಕ್ಕೆ. ಅಲ್ಲಿಂದ ಅದು ಪಶ್ಚಿಮದ ಆಕಾಶದಲ್ಲಿ ಇರಬೇಕು. ಇಷ್ಟು ವರ್ಷ ಸಂಬಳ ಯಾತಕ್ಕೆ ಕೊಟ್ಟರೋ ಎಂದು ಹೆಂಡತಿ ಮನಸಾರೆ ನಕ್ಕಳು.

ಅದೃಷ್ಟಕ್ಕೆ ರೂಮಿನ ಒಂದೇ ಕಿಟಕಿ ಪಶ್ಚಿಮಕ್ಕಿತ್ತು. ಮಗಳು ಆಂಟೆನಾವನ್ನು ಅಲ್ಲಿಟ್ಟಳು. ಆದರೂ ಉಸಿರಿಲ್ಲ. ದ್ವೀಪ ಸಿಗ್ನಲ್ಲಿನ ಅಂಚಿನಲ್ಲಿದೆ, ಅಲ್ಲಿಯವರೆಗೆ ಅದು ತಲುಪುವುದೇ ಇಲ್ಲವೇನೋ ಎಂದು ನಾನು ಕೈಚೆಲ್ಲುವ ಹಂತಕ್ಕೆ ಬಂದೆ.

ಶುಕ್ರವಾರ ಬೆಳಿಗ್ಗೆ ಹೆಂಡತಿಯ ಫೋನಿಗೆ ಒಂದು ಫೋಟೋ ಬಂತು. ಶುಕ್ರವಾರ ದೀಪ ಹಚ್ಚಿ ದೇವರ ಫೋಟೋ ಕಳಿಸಬೇಕೆಂಬುದು ತಾಯಿ-ಮಗಳ ಒಪ್ಪಂದ. ಎಣ್ಣೆ ಸಾಲದು, ಹೂ ಬಾಡಿದೆ ಎಂದು ತಪ್ಪು ಹುಡುಕುತ್ತಿದ್ದ ಹೆಂಡತಿಯ ಕೈಯಿಂದ ನಾನು ಫೋನು ಕಸಿದುಕೊಂಡೆ. ಕಿಟಕಿಯ ಕಟ್ಟೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕುಳಿತ ಗಣಪತಿ, ಲಕ್ಷ್ಮಿ. ಪಕ್ಕದಲ್ಲಿ ನನ್ನ ಆಂಟೆನಾ, ಅದಕ್ಕೂ ಒಂದು ಕುಂಕುಮದ ಬೊಟ್ಟು. ಇವರೆಲ್ಲರ ಬೆನ್ನಿಗೆ, ಕಿಟಕಿಯನ್ನು ಪೂರ್ತಿ ಮುಚ್ಚಿಕೊಂಡು, ನಮ್ಮ ಮನೆಯ ಅಗಲವಾದ ಸ್ಟೀಲ್ ತಟ್ಟೆ!

ಸಮುದ್ರದ ಗಾಳಿಗೆ ದೀಪ ಆರದಿರಲೆಂದು ಹೆಂಡತಿಯೇ ಅದನ್ನು ಅಲ್ಲಿ ನಿಲ್ಲಿಸಿ ಬಂದಿದ್ದಳು. ಅಮ್ಮ ಇಟ್ಟದ್ದನ್ನು ಮಗಳು ಅಲುಗಿಸಿರಲಿಲ್ಲ. ಆಂಟೆನಾಕ್ಕೂ ಆಕಾಶಕ್ಕೂ ನಡುವೆ ಕಬ್ಬಿಣದ ಗೋಡೆಯಂತೆ ತಟ್ಟೆ ನಿಂತಿರುವಾಗ ಯಾವ ಉಪಗ್ರಹ ತಾನೇ ಏನು ಮಾಡೀತು?

ನಾನು ಹೆದರುತ್ತಲೇ ವಿಷಯ ಹೇಳಿದೆ. ದೇವರ ವಿಷಯದಲ್ಲಿ ನನ್ನ ಹೆಂಡತಿಯ ಮಾತಿಗೆ ಅಪೀಲಿಲ್ಲ. ಹಚ್ಚಿದ ದೀಪ ಆರುವುದೆಂದರೆ ಅವಳಿಗೆ ಜೀವ ಹೋದಷ್ಟು ಸಂಕಟ. ಅವಳು ಫೋಟೋವನ್ನೇ ತುಸು ಹೊತ್ತು ನೋಡಿ ಮಗಳಿಗೆ ಫೋನು ಮಾಡಿದಳು.

"ಆ ತಟ್ಟೆ ತೆಗೆದಿಡು ಪುಟ್ಟಾ. ದೀಪ ಮ್ಯಾಚ್ ಮುಗಿದ್ಮೇಲೆ ಹಚ್ಚಿದ್ರಾಯ್ತು. ದೇವ್ರೂ ಕೇಳ್ಲಿ."

ಮರುದಿನ ಶನಿವಾರ ಮಧ್ಯಾಹ್ನ ನಮಗೂ ಲಾಸ್ ಏಂಜಲೀಸಿಗೂ ಮ್ಯಾಚು. ಟೀವಿ ಬಿಟ್ಟು ನಾನು ಕಾರನ್ನು ಗ್ಯಾರೇಜಿನಿಂದ ಹೊರಗೆ ತಂದು ಡ್ರೈವ್‌ವೇಯಲ್ಲಿ ನಿಲ್ಲಿಸಿ ರೇಡಿಯೋ ಹಾಕಿಕೊಂಡು ಕುಳಿತೆ. ಪಕ್ಕದ ಸೀಟಿನ ಮೇಲೆ, ಮಗಳಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದ ಫೋನು. ಕಾಮೆಂಟರಿ ಶುರುವಾದದ್ದೇ ತಡ, ಅದೇ ದನಿ ಫೋನಿನಲ್ಲೂ ಕೇಳಿಸಿತು. ನಡುನಡುವೆ ಕಡಿಯುತ್ತಿತ್ತು, ಮತ್ತೆ ಬರುತ್ತಿತ್ತು. ಮಗಳು ಇಂಗ್ಲಿಷಿನಲ್ಲಿ ಅಂಪೈರನ್ನು ಬೈಯಲು ಶುರು ಮಾಡಿದಳು. ಅಷ್ಟು ಹಿತವಾದ ಬೈಗುಳವನ್ನು ನಾನು ಹಿಂದೆ ಕೇಳಿರಲಿಲ್ಲ. ಹೆಂಡತಿ ಕಾಫಿ ತಂದವಳು, ಮುಂದಿನ ಸೀಟು ಮಗಳದ್ದೆಂದು ಹಿಂದೆ ಹೋಗಿ ಕುಳಿತಳು.

ನಾವು ಹೀನಾಯವಾಗಿ ಸೋತೆವು. ಕೊನೆಯ ಚೆಂಡು ಬೀಳುವ ಮೊದಲೇ ಅಣ್ಣನ ಮೆಸೇಜುಗಳು ಸುರಿಯತೊಡಗಿದ್ದವು. ದ್ವೀಪದಲ್ಲಿ ಸಂಜೆಯಾಗುವ ಹೊತ್ತು, ಮಗಳಿಗೆ ಅಳು ಬರುವ ಹೊತ್ತು. ನಾಳೆ ಬೆಳಿಗ್ಗೆಯ ವಿಮಾನದ ಮಾತು ಈಗ ಎತ್ತುತ್ತಾಳೆ ಎಂದುಕೊಂಡೆ. ಫೋನಿನ ಆಚೆ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು.

"ಅಪ್ಪ, ನಾಳೆ ಗೇಮ್ ಎಷ್ಟ್ ಗಂಟೆಗೆ?"

ಒಂದು ಗಂಟೆಗೆ ಎಂದೆ. ನಿಮಗೆ ಒಂದು, ನಂಗೆ ನಾಲ್ಕು ಎಂದು ಲೆಕ್ಕ ಹಾಕಿಕೊಂಡು ಅವಳು ಫೋನಿಟ್ಟಳು.

ಟಿಕೆಟ್ ಕ್ಯಾನ್ಸಲ್ ಮಾಡಿ ಎಂದು ಹೆಂಡತಿ ಹಿಂದಿನ ಸೀಟಿನಿಂದ ನನ್ನ ಭುಜ ಅಲುಗಿಸಿದಳು. ಕಣ್ಣು ಮಂಜಾಗಿ ಫೋನಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕೊನೆಗೆ ಅವಳೇ ಕಸಿದುಕೊಂಡು ಕ್ಯಾನ್ಸಲ್ ಮಾಡಿದಳು.